ಖಾತೆಯಿಲ್ಲದ ಮನೆ: ಹಾವರ್ತ್‌ನ ಪಾದ್ರಿಮನೆಯನ್ನು ಓದುತ್ತಾ

ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಹಾವರ್ತ್ ಎಂಬ ಗುಡ್ಡದೂರಿನಲ್ಲಿ ಒಂದು ಹಳೆಯ ಪಾದ್ರಿಮನೆ ಇದೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಅದು ಬ್ರಾಂಟೆ ಸೋದರಿಯರ ಮನೆ. ಬಿ.ಎ.ಯಲ್ಲೋ ಎಂ.ಎ.ಯಲ್ಲೋ ‘ಜೇನ್ ಐರ್’ ಅಥವಾ ‘ವದರಿಂಗ್ ಹೈಟ್ಸ್’ ಪಠ್ಯವಾಗಿದ್ದ ನಮ್ಮಲ್ಲಿ ಹಲವರಿಗೆ ಆ ಮನೆಯ ಚಿತ್ರ ಬಂದದ್ದು ಮೇಷ್ಟ್ರ ನೋಟ್ಸಿನಿಂದ: ಮುಂದೆ ಸಮಾಧಿಗಳ ಸಾಲು, ಹಿಂದೆ ಗಾಳಿ ಹೊಡೆಯುವ ಬಯಲು, ನಡುವೆ ಕತ್ತಲು ಕವಿದ ಕಲ್ಲಿನ ಮನೆ, ಒಳಗೆ ಕೆಮ್ಮುತ್ತಾ ಕಾದಂಬರಿ ಬರೆಯುವ ಮೂವರು ಹೆಣ್ಣುಮಕ್ಕಳು. ಈ ಚಿತ್ರದಲ್ಲಿ ಸುಳ್ಳು ಕಡಿಮೆ. ಆದರೆ ಇದು ಮನೆಯ ಚಿತ್ರವಲ್ಲ, ಮನೆಯ ಸುತ್ತಲಿನ ಹವೆಯ ಚಿತ್ರ. ಅದನ್ನು ಒಂದು ಕಟ್ಟಡವಾಗಿ ನೋಡಿದರೆ, ಅಂದರೆ ಗೋಡೆ, ಬಾಗಿಲು, ಮೆಟ್ಟಿಲು, ಕೋಣೆಗಳ ಜೋಡಣೆಯಾಗಿ, ಜೊತೆಗೆ ‘ಈ ಮನೆ ಯಾರ ಹೆಸರಲ್ಲಿತ್ತು’ ಎಂಬ ಪ್ರಶ್ನೆಯನ್ನೂ ಕೇಳಿಕೊಂಡು ನೋಡಿದರೆ, ಸಿಗುವ ಕಥೆಯೇ ಬೇರೆ. ಆ ಕಥೆ ಗೊತ್ತಾದ ಮೇಲೆ ಈ ಸೋದರಿಯರ ಕಾದಂಬರಿಗಳೂ ಬೇರೆಯಾಗಿ ಕಾಣತೊಡಗುತ್ತವೆ ಎಂಬುದು ನನ್ನ ವಾದ.

ಮೊದಲು ಮನೆಯ ಮುಖ ನೋಡೋಣ. ಕಟ್ಟಿದ್ದು 1778–79ರಲ್ಲಿ. ಅಲ್ಲಿಯದೇ ಮರಳುಗಲ್ಲು, ಮೇಲೆ ಕಲ್ಲಿನ ಹಾಸುಗಳ ಮಾಡು, ಎರಡು ಅಂತಸ್ತು. ಕೆಳಗೆ ನಡುವೆ ಬಾಗಿಲು, ಅದರ ಆಚೆ ಎರಡು ಕಿಟಕಿ, ಈಚೆ ಎರಡು ಕಿಟಕಿ. ಮೇಲೆ ಸಾಲಾಗಿ ಐದು ಕಿಟಕಿ. ಮಧ್ಯಕ್ಕೆ ಗೆರೆ ಎಳೆದು ಮಡಚಿದರೆ ಎಡವೂ ಬಲವೂ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಆ ಕಾಲದ ಇಂಗ್ಲೆಂಡಿನಲ್ಲಿ ಜಾರ್ಜಿಯನ್ ಶೈಲಿ ಎನ್ನುವುದು ಇದನ್ನೇ. ಇದರಲ್ಲಿ ಗೋಪುರವಿಲ್ಲ, ಚೂಪು ಕಮಾನಿಲ್ಲ, ದೆವ್ವದ ಕಥೆಗೆ ಬೇಕಾದ ಯಾವ ಸಾಮಗ್ರಿಯೂ ಇಲ್ಲ. ಅಳತೆ ಬಲ್ಲ, ಲೆಕ್ಕ ಬಲ್ಲ, ಅತಿಯನ್ನು ಒಲ್ಲದ ಮನೆ. ಒಬ್ಬ ವಕೀಲನದೋ, ಸಣ್ಣ ಉಣ್ಣೆ ವ್ಯಾಪಾರಿಯದೋ ಎಂದರೂ ನಂಬಬಹುದು. ‘ವದರಿಂಗ್ ಹೈಟ್ಸ್’ ಓದಿ ಇದರ ಫೋಟೋ ಮೊದಲ ಬಾರಿಗೆ ನೋಡುವವರಿಗೆ ಸಾಮಾನ್ಯವಾಗಿ ನಿರಾಸೆಯಾಗುತ್ತದೆ. ಇಷ್ಟು ಸಭ್ಯವಾದ ಮನೆಯಿಂದ ಅಷ್ಟು ಉಗ್ರವಾದ ಪುಸ್ತಕ ಬಂತೇ ಎಂದು ಅನ್ನಿಸುತ್ತದೆ. ಆ ನಿರಾಸೆಯಿಂದಲೇ ನಮ್ಮ ಓದು ಶುರುವಾಗಬೇಕು.

ಕತ್ತಲೆಯ ಮನೆಯನ್ನು ಕಟ್ಟಿದ್ದು ಮೇಸ್ತ್ರಿಯಲ್ಲ, ಇನ್ನೊಬ್ಬ ಲೇಖಕಿ. ಎಲಿಜಬೆತ್ ಗ್ಯಾಸ್ಕೆಲ್ 1853ರಲ್ಲಿ ಶಾರ್ಲೆಟ್‌ಳನ್ನು ನೋಡಲು ಹಾವರ್ತ್‌ಗೆ ಬಂದಳು. ಅಷ್ಟರಲ್ಲಿ ಶಾರ್ಲೆಟ್‌ಳ ಒಡಹುಟ್ಟಿದವರೆಲ್ಲ ಸತ್ತಿದ್ದರು. ಮನೆಯಲ್ಲಿದ್ದದ್ದು ಒಬ್ಬ ಮುದುಕ ತಂದೆ, ಒಬ್ಬಳೇ ಮಗಳು, ಇಬ್ಬರು ಕೆಲಸದವರು. 1857ರಲ್ಲಿ ಪ್ರಕಟವಾದ ಗ್ಯಾಸ್ಕೆಲ್‌ಳ ಶಾರ್ಲೆಟ್ ಜೀವನಚರಿತ್ರೆ ಆ ಮೌನವನ್ನೇ ಮನೆಯ ಹುಟ್ಟುಗುಣ ಎಂಬಂತೆ ಹಿಂದಿನ ಮೂವತ್ತು ವರ್ಷಗಳಿಗೂ ಹರಡಿತು. ಆದರೆ 1820ರಲ್ಲಿ ಪ್ಯಾಟ್ರಿಕ್ ಬ್ರಾಂಟೆ ಇಲ್ಲಿಗೆ ಬಂದಾಗ ಈ ಮನೆಗೆ ಕಾಲಿಟ್ಟವರು ಹತ್ತು ಜನ: ಗಂಡ, ಹೆಂಡತಿ, ಆರು ಮಕ್ಕಳು, ಇಬ್ಬರು ಕೆಲಸದ ಹುಡುಗಿಯರು. ಹತ್ತು ಜನರಿರುವ ಮನೆ ಮೌನವಾಗಿರುವುದಿಲ್ಲ. ಮದುವೆ, ನಾಮಕರಣ, ಶವಸಂಸ್ಕಾರ, ಊರಿನ ಜಗಳ, ಭಾನುವಾರದ ಶಾಲೆ, ಎಲ್ಲಕ್ಕೂ ಜನ ಬಂದು ತಟ್ಟುತ್ತಿದ್ದದ್ದು ಇದೇ ಬಾಗಿಲನ್ನು. ಪಾದ್ರಿಮನೆ ಅರ್ಧ ಮನೆ, ಅರ್ಧ ಕಚೇರಿ. ಮುಂಬಾಗಿಲಿನಿಂದ ಒಳಗೆ ಬಂದ ಕೂಡಲೇ ಬಲಕ್ಕೆ ಪಾದ್ರಿಯ ಓದುಕೋಣೆ ಇರುವುದಕ್ಕೆ ಕಾರಣ ಹುಡುಕಬೇಕಿಲ್ಲ. ಬಂದವರು ಅಲ್ಲಿಗೇ ಹೋಗಬೇಕು, ಮನೆಯೊಳಗೆ ಮುಂದೆ ಹೋಗುವ ಅಗತ್ಯವಿಲ್ಲ.

ಮನೆಯ ನಕ್ಷೆ ಬಹಳ ಸರಳ. ನಡುವೆ ಕಲ್ಲುಹಾಸಿನ ನಡುಮನೆ ದಾರಿ. ಬಲಕ್ಕೆ ಅಪ್ಪನ ಓದುಕೋಣೆ, ಎಡಕ್ಕೆ ಊಟದ ಕೋಣೆ. ಓದುಕೋಣೆಯ ಹಿಂದೆ ಅಡುಗೆಮನೆ, ಊಟದ ಕೋಣೆಯ ಹಿಂದೆ ಉರುವಲು ಇಡುವ ಕೋಣೆ. ದಾರಿಯ ಕೊನೆಗೆ ಕಲ್ಲಿನ ಮೆಟ್ಟಿಲು. ಮೆಟ್ಟಿಲು ತಿರುಗುವಲ್ಲಿ ಎತ್ತರದ ಒಂದು ಗಡಿಯಾರ. ಪ್ಯಾಟ್ರಿಕ್ ಪ್ರತಿ ರಾತ್ರಿ ಒಂಬತ್ತಕ್ಕೆ ಮಲಗಲು ಹೋಗುವಾಗ ಅದಕ್ಕೆ ಕೀಲಿ ಕೊಡುತ್ತಿದ್ದ. ಮೇಲೆ ಮಲಗುವ ಕೋಣೆಗಳು. ನಡುಮನೆ ದಾರಿಯ ನೇರ ಮೇಲೆ, ಎರಡು ದೊಡ್ಡ ಕೋಣೆಗಳ ನಡುವೆ ಇಕ್ಕಟ್ಟಿನಲ್ಲಿ ಒಂದು ಪುಟ್ಟ ಕೋಣೆ. ಮಕ್ಕಳು ಆಡಿದ್ದು, ಕೈಬೆರಳಗಲದ ಪುಸ್ತಕಗಳಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಕಲ್ಪನೆಯ ರಾಜ್ಯಗಳ ಚರಿತ್ರೆ ಬರೆದದ್ದರ ನೆನಪು ಅಂಟಿಕೊಂಡಿರುವುದು ಆ ಕೋಣೆಗೆ. ಪ್ಯಾಟ್ರಿಕ್‌ಗೆ ಬೆಂಕಿಯ ಭಯ ಬಹಳ. ಮಕ್ಕಳಿರುವ ಮನೆ, ಮೇಣದಬತ್ತಿಯ ಬೆಳಕು. ಹಾಗಾಗಿ ಬಹುಕಾಲ ಕಿಟಕಿಗಳಿಗೆ ಪರದೆ ಹಾಕಿಸಲಿಲ್ಲ. ನೆಲ ಕಲ್ಲು, ಮೆಟ್ಟಿಲು ಕಲ್ಲು, ಕಿಟಕಿ ಬರಿದು. ಯಾರು ಎಲ್ಲಿ ಓಡಾಡಿದರೂ ಸದ್ದು ಎಲ್ಲರಿಗೂ ಕೇಳುವಂಥ ಮನೆ ಅದು.

ಈಗ ಈ ನಕ್ಷೆಯನ್ನು ಎದುರಿಗಿಟ್ಟುಕೊಂಡು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ಹೆಣ್ಣುಮಕ್ಕಳ ಕೋಣೆ ಯಾವುದು? ಅಪ್ಪನಿಗೆ ಓದುಕೋಣೆ ಇತ್ತು. ಮೇಲೆ ಮಲಗುವ ಕೋಣೆ ಇತ್ತು. ಬರೆಯುವ ಮೂವರು ಹೆಣ್ಣುಮಕ್ಕಳಿಗೆ ಹಗಲಿನಲ್ಲಿ ತಮ್ಮದೆಂಬ ಕೋಣೆ ಇರಲಿಲ್ಲ. ಊಟದ ಮೇಜೇ ಅವರ ಬರೆಯುವ ಮೇಜು. ಊಟಕ್ಕೆ ಹೊತ್ತಾದರೆ ಹಾಳೆ ಎತ್ತಿಡಬೇಕು, ಅತಿಥಿ ಬಂದರೆ ಎತ್ತಿಡಬೇಕು, ಹೊಲಿಗೆ ತೆಗೆದರೆ ಎತ್ತಿಡಬೇಕು. ಅವರ ಬರವಣಿಗೆಯ ಉಪಕರಣಗಳೆಲ್ಲ ಮುಚ್ಚಿ ಒಯ್ಯಬಹುದಾದ ಮರದ ಪೆಟ್ಟಿಗೆಗಳು. ತೊಡೆಯ ಮೇಲಿಟ್ಟುಕೊಂಡರೆ ಇಳಿಜಾರಿನ ಮೇಜು, ಮುಚ್ಚಿದರೆ ಪೆಟ್ಟಿಗೆ. ಮನೆಯೊಳಗೇ ವಲಸೆ ಹೋಗುತ್ತಿರುವವರ ಸಾಮಾನಿನಂತೆ ಅವು ಕಾಣುತ್ತವೆ. ಎಮಿಲಿಯಂತೂ ಅಡುಗೆಮನೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತಾ ಎದುರಿಗೆ ಜರ್ಮನ್ ಪುಸ್ತಕ ಒರಗಿಸಿಟ್ಟುಕೊಂಡು ಓದುತ್ತಿದ್ದಳು ಎಂದು ಗ್ಯಾಸ್ಕೆಲ್ ದಾಖಲಿಸುತ್ತಾಳೆ.

ಆದರೆ ಈ ಕೊರತೆಗೆ ಇನ್ನೊಂದು ಮುಖವಿದೆ. ರಾತ್ರಿ ಒಂಬತ್ತಕ್ಕೆ ಅಪ್ಪ ಗಡಿಯಾರಕ್ಕೆ ಕೀಲಿ ಕೊಟ್ಟು ಮೇಲೆ ಹೋದ ಮೇಲೆ ಊಟದ ಕೋಣೆ ಮೂವರದಾಗುತ್ತಿತ್ತು. ಹೊಲಿಗೆ ಬದಿಗಿಟ್ಟು, ಮೇಜಿನ ಸುತ್ತ ನಡೆಯುತ್ತಾ, ಬರೆದದ್ದನ್ನು ಓದುತ್ತಾ, ಮುಂದಿನದನ್ನು ಚರ್ಚಿಸುತ್ತಾ ಹನ್ನೊಂದರವರೆಗೆ ಕಳೆಯುತ್ತಿದ್ದರು. ಒಂದೇ ಮೇಜಿನ ಸುತ್ತ ‘ಜೇನ್ ಐರ್’, ‘ವದರಿಂಗ್ ಹೈಟ್ಸ್’, ‘ಆಗ್ನೆಸ್ ಗ್ರೇ’ ಮೂರೂ ಬೆಳೆದವು. 1847ರ ಅಕ್ಟೋಬರ್ ಮತ್ತು ಡಿಸೆಂಬರ್ ನಡುವೆ ಮೂರೂ ಅಚ್ಚಾದವು, ಗಂಡಸರದೋ ಹೆಂಗಸರದೋ ಗೊತ್ತಾಗದ ಬೆಲ್ ಎಂಬ ಹೆಸರುಗಳಲ್ಲಿ. ಎದುರು ಕೋಣೆಯಲ್ಲಿದ್ದ ಅಪ್ಪನಿಗೆ ಇದು ತಿಳಿದದ್ದು ಪುಸ್ತಕ ಹೆಸರು ಮಾಡಿದ ಮೇಲೆ, ಶಾರ್ಲೆಟ್ ಒಂದು ಪ್ರತಿಯನ್ನೂ ಕೆಲವು ವಿಮರ್ಶೆಗಳನ್ನೂ ಹಿಡಿದು ಓದುಕೋಣೆಗೆ ಹೋದಾಗ ಎಂದು ಗ್ಯಾಸ್ಕೆಲ್ ಹೇಳುತ್ತಾಳೆ. ನಾಲ್ಕು ಹೆಜ್ಜೆಯ ನಡುಮನೆ ದಾರಿ. ಆ ಕಡೆ ಧರ್ಮೋಪದೇಶ, ಈ ಕಡೆ ಹೀತ್‌ಕ್ಲಿಫ್. ಎಡಬಲ ಸಮವಾಗಿ ಮಡಚಬಹುದಾದ ಆ ಮನೆಯ ಮುಖ ಮುಚ್ಚಿಟ್ಟದ್ದು ಇದನ್ನು. ಹೊರಗಿನ ಸಮತೂಕ ಒಳಗಿನ ಅಸಮತೂಕಕ್ಕೆ ಹೊದಿಕೆಯಾಗಿತ್ತು.

ಇಂದು ವಸ್ತುಸಂಗ್ರಹಾಲಯವಾಗಿರುವ ಈ ಮನೆಗೆ ಹೋದವರು ಆ ಊಟದ ಕೋಣೆಯ ಹೊಸ್ತಿಲಲ್ಲಿ ನಿಂತು ಮೇಜನ್ನೇ ನೋಡುತ್ತಾರೆ. ಮೂವರು ನಡೆದಾಡಿದ ಜಾಗ ಎಂದು ಮನಸ್ಸು ತುಂಬಿ ಬರುವುದು ಸಹಜ. ಆದರೆ ಒಂದು ವಿವರ ಇಲ್ಲಿ ಮುಖ್ಯ. 1850ರ ಹೊತ್ತಿಗೆ ಶಾರ್ಲೆಟ್ ಆ ಕೋಣೆಯ ಗೋಡೆಯನ್ನು ನಡುಮನೆ ದಾರಿಯ ಕಡೆಗೆ ಸರಿಸಿ ಕೋಣೆಯನ್ನು ದೊಡ್ಡದು ಮಾಡಿಸಿದಳು. ಮೇಲಿನ ಮಲಗುವ ಕೋಣೆಯೂ ಅಷ್ಟೇ ಹಿಗ್ಗಿತು. ಅದರ ಬೆಲೆ ತೆತ್ತದ್ದು ನಡುಮನೆ ದಾರಿ ಮತ್ತು ಅದರ ಮೇಲಿದ್ದ ಮಕ್ಕಳ ಪುಟ್ಟ ಕೋಣೆ. ಅದು ಇನ್ನಷ್ಟು ಕಿರಿದಾಯಿತು. ಕಿಟಕಿಗಳಿಗೆ ಕೊನೆಗೂ ಪರದೆ ಬಂತು.

ತಾರೀಕುಗಳನ್ನು ಪಕ್ಕಪಕ್ಕಕ್ಕಿಟ್ಟು ನೋಡಿ. ತಮ್ಮ ಬ್ರ್ಯಾನ್‌ವೆಲ್ ಸತ್ತದ್ದು 1848ರ ಸೆಪ್ಟೆಂಬರ್. ಎಮಿಲಿ ಅದೇ ವರ್ಷದ ಡಿಸೆಂಬರ್. ಆನ್ 1849ರ ಮೇ. ಅಂದರೆ ಮೂವರು ಒಟ್ಟಿಗೆ ನಡೆದಾಡಿದ ಕೋಣೆ ಚಿಕ್ಕದು. ದೊಡ್ಡ ಕೋಣೆಯಲ್ಲಿ ನಡೆದಾಡಿದ್ದು ಶಾರ್ಲೆಟ್ ಒಬ್ಬಳೇ. ಜಾಗ ಬೇಕಿದ್ದಾಗ ದುಡ್ಡಿರಲಿಲ್ಲ. ಪುಸ್ತಕ ಮಾರಿ ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದಾಗ ಜಾಗ ಹಂಚಿಕೊಳ್ಳುವವರಿರಲಿಲ್ಲ. ಕಟ್ಟಡಗಳ ವಿಮರ್ಶೆಯಲ್ಲಿ ಅಳತೆಪಟ್ಟಿಯೇ ಒಮ್ಮೊಮ್ಮೆ ಶೋಕಗೀತೆಯಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೋಣೆಯನ್ನು ನೋಡಿ ‘ಅವರಿದ್ದಂತೆಯೇ ಇದೆ’ ಎಂದು ಮೆಚ್ಚುವವರು ಈ ಸರಿದ ಗೋಡೆಯನ್ನು ನೋಡುವುದೇ ಇಲ್ಲ.

ಗೋಡೆ ಸರಿಸಿದ್ದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಸರಿಸಿದ ಗೋಡೆ ಅವಳದಾಗಿರಲಿಲ್ಲ. ಮನೆ ಅವಳ ಅಪ್ಪನದೂ ಆಗಿರಲಿಲ್ಲ. ಇಂಗ್ಲೆಂಡಿನ ಹಳ್ಳಿಯ ಪಾದ್ರಿಮನೆ ಎಂಬ ವ್ಯವಸ್ಥೆ ಗೊತ್ತಾಗದೆ ಈ ಕಟ್ಟಡ ಅರ್ಥವಾಗುವುದಿಲ್ಲ. ಅಲ್ಲಿನ ಚರ್ಚಿನಲ್ಲಿ ಪಾದ್ರಿಗಳಲ್ಲೂ ದರ್ಜೆಗಳಿದ್ದವು. ಊರಿನ ಬೆಳೆಯ ಹತ್ತನೇ ಒಂದು ಪಾಲಿನ ದೊಡ್ಡ ಭಾಗ ಪಡೆಯುವವನು ರೆಕ್ಟರ್, ಅವನ ಮನೆ ರೆಕ್ಟರಿ. ಸಣ್ಣ ಪಾಲು ಪಡೆಯುವವನು ವಿಕಾರ್, ಅವನದು ವಿಕರೇಜ್. ಪಾಲೇ ಇಲ್ಲದೆ ಗೊತ್ತಾದ ಸಂಬಳದ ಮೇಲೆ ಇರುವವನು ಕ್ಯುರೇಟ್. ಪ್ಯಾಟ್ರಿಕ್‌ನದು ಶಾಶ್ವತ ಕ್ಯುರೇಟ್ ಎಂಬ ಹುದ್ದೆ. ಹಾವರ್ತ್ ಆಗ ಬ್ರಾಡ್‌ಫರ್ಡ್ ಪ್ಯಾರಿಷ್‌ನ ಒಳಗಿನ ಒಂದು ಉಪ ಚರ್ಚು. ಪಾದ್ರಿಯನ್ನು ಯಾರು ನೇಮಿಸಬೇಕು ಎಂಬ ವಿಷಯದಲ್ಲಿ ಬ್ರಾಡ್‌ಫರ್ಡ್‌ನ ವಿಕಾರ್‌ಗೂ ಹಾವರ್ತ್‌ನ ಟ್ರಸ್ಟಿಗಳಿಗೂ ಹಳೆಯ ಜಟಾಪಟಿ. ಪ್ಯಾಟ್ರಿಕ್ ನೇಮಕವೂ ಆ ಜಗಳದ ನಡುವೆಯೇ ಆದದ್ದು. ಐರ್ಲೆಂಡಿನ ಬಡ ಮನೆಯಲ್ಲಿ ಹುಟ್ಟಿ, ಕೇಂಬ್ರಿಜ್‌ನಲ್ಲಿ ಓದಿ, ಕೆಲಸ ಸಿಕ್ಕಲ್ಲಿಗೆ ಊರಿಂದೂರಿಗೆ ಬಂದವನಿಗೆ ಹಾವರ್ತ್‌ನ ಈ ಮನೆ ಹುದ್ದೆಯ ಜೊತೆ ಸಿಕ್ಕಿತು. ಹುದ್ದೆ ಇರುವವರೆಗೆ ಮನೆ. ಹುದ್ದೆ ಹೋದ ದಿನ ಹೆಂಡತಿ ಮಕ್ಕಳು ಗಂಟುಮೂಟೆ ಕಟ್ಟಬೇಕು.

ರೈಲ್ವೆ ಕ್ವಾರ್ಟರ್ಸಿನಲ್ಲೋ ಬ್ಯಾಂಕಿನ ಕ್ವಾರ್ಟರ್ಸಿನಲ್ಲೋ ಬೆಳೆದವರಿಗೆ, ಮುಂಬೈ ಪುಣೆಗಳಲ್ಲಿ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುತ್ತಾ ಬಂದಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಎರಡು ಸಲ ಯೋಚಿಸುವ ಅಭ್ಯಾಸ ನಮ್ಮದು. ಆದರೆ ಒಂದು ವ್ಯತ್ಯಾಸ ಮರೆಯಬಾರದು. ನಮ್ಮಲ್ಲಿ ಹೆಣ್ಣುಮಕ್ಕಳೂ ದುಡಿಯುತ್ತಾರೆ, ಇನ್ನೊಂದು ಕರಾರಿಗೆ ತಾವೇ ಸಹಿ ಹಾಕುತ್ತಾರೆ. ಅಂದಿನ ಪಾದ್ರಿಯ ಮಗಳಿಗೆ ಇದ್ದ ದಾರಿಗಳು ಮೂರು: ಮದುವೆ, ಇನ್ನೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಗವರ್ನೆಸ್ ಕೆಲಸ, ಇಲ್ಲವೇ ಸ್ವಂತ ಶಾಲೆ. ಮೂವರೂ ಮೂರನೆಯದನ್ನು ಪ್ರಯತ್ನಿಸಿದರು. 1844ರಲ್ಲಿ ಇದೇ ಪಾದ್ರಿಮನೆಯಲ್ಲಿ ಹುಡುಗಿಯರ ಶಾಲೆ ನಡೆಸುವುದಾಗಿ ಕರಪತ್ರ ಅಚ್ಚು ಹಾಕಿಸಿದರು. ಒಬ್ಬ ವಿದ್ಯಾರ್ಥಿನಿಯೂ ಬರಲಿಲ್ಲ. ಅಷ್ಟರಲ್ಲಿ ಪ್ಯಾಟ್ರಿಕ್‌ನ ಕಣ್ಣಿಗೆ ಪೊರೆ ಬೆಳೆಯುತ್ತಿತ್ತು. ಅವನು ಪೂರ್ತಿ ಕುರುಡಾದರೆ ಕೆಲಸದ ಗತಿಯೇನು, ಕೆಲಸ ಹೋದರೆ ಮನೆಯ ಗತಿಯೇನು ಎಂಬುದು ಆ ವರ್ಷಗಳ ನಿಜವಾದ ಭಯ. 1846ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿದರು. ಅಪ್ಪ ಕತ್ತಲೆ ಕೋಣೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ, ಅಲ್ಲಿನ ಬಾಡಿಗೆ ಕೋಣೆಯಲ್ಲಿ ಶಾರ್ಲೆಟ್ ‘ಜೇನ್ ಐರ್’ ಬರೆಯಲು ಶುರು ಮಾಡಿದಳು. ಮನೆ ಕೈತಪ್ಪುವ ಭಯದ ನಟ್ಟನಡುವೆ, ಮನೆಯಿಲ್ಲದ ಹುಡುಗಿಯೊಬ್ಬಳ ಕಥೆ.

ಈ ಹಿನ್ನೆಲೆಯಲ್ಲಿ ಕಾದಂಬರಿಗಳನ್ನು ಮತ್ತೆ ತೆರೆಯೋಣ. ‘ಜೇನ್ ಐರ್’ನಲ್ಲಿ ನಾಯಕಿ ಒಂದಾದ ಮೇಲೊಂದು ಕಟ್ಟಡದಲ್ಲಿ ಇರುತ್ತಾಳೆ: ಅತ್ತೆಯ ಮನೆ, ಅನಾಥ ಮಕ್ಕಳ ಶಾಲೆ, ರಾಚೆಸ್ಟರ್‌ನ ಬಂಗಲೆ, ಬಯಲಂಚಿನ ಮೂರ್ ಹೌಸ್. ಎಲ್ಲೂ ಅವಳಿಗೆ ಹಕ್ಕಿಲ್ಲ. ಪುಸ್ತಕದ ತಿರುವು ಬರುವುದು ಪ್ರೇಮದಿಂದಷ್ಟೇ ಅಲ್ಲ, ಚಿಕ್ಕಪ್ಪನ ಆಸ್ತಿ ಕೈಗೆ ಬಂದದ್ದರಿಂದ. ದುಡ್ಡು ಬಂದ ಕೂಡಲೇ ಅವಳು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಮೂರ್ ಹೌಸನ್ನು ತೊಳೆದು, ಬಳಿದು, ಹೊಸ ಪೀಠೋಪಕರಣ ತಂದು ಸಜ್ಜುಗೊಳಿಸುವುದು. ಓದುವಾಗ ನಾವು ಹಾರಿಸಿಬಿಡುವ ಪುಟಗಳವು. ಹಾವರ್ತ್‌ನ ಗೋಡೆ ಸರಿಸಿದ ಕಥೆ ಗೊತ್ತಿದ್ದವರು ಹಾರಿಸಲಾರರು. ಮೂರು ವರ್ಷ ಮೊದಲೇ ಶಾರ್ಲೆಟ್ ಕಾಗದದ ಮೇಲೆ ಮಾಡಿದ ರಿಪೇರಿ ಅದು. ಅದೇ ಮನೆಯ ಸೇಂಟ್ ಜಾನ್ ಎಂಬ ಪಾದ್ರಿ ಜೇನ್‌ಗೆ ಹಿಂದೂಸ್ತಾನಿ ಕಲಿಸುತ್ತಾನೆ. ತನ್ನ ಹೆಂಡತಿಯಾಗಿ ಭಾರತಕ್ಕೆ ಬಾ ಎಂದು ಒತ್ತಾಯಿಸುತ್ತಾನೆ. ಜೇನ್ ಒಪ್ಪುವುದಿಲ್ಲ. ಹುದ್ದೆ ಕರೆದಲ್ಲಿಗೆ ಹೋಗುವ ಗಂಡಸಿನ ಹಿಂದೆ ಹೋಗುವ ಬಾಳನ್ನು ಪಾದ್ರಿಯ ಮಗಳೊಬ್ಬಳು ಬರೆಯುತ್ತಾ ತಳ್ಳಿಹಾಕಿದ ಗಳಿಗೆ ಅದು.

ಆನ್ ಬರೆದ ‘ಆಗ್ನೆಸ್ ಗ್ರೇ’ಯಲ್ಲಿ ಇದು ಇನ್ನೂ ನೇರ. ಪಾದ್ರಿ ತಂದೆ ಸಾಯುತ್ತಾನೆ. ತಾಯಿ, ಮಗಳು ಪಾದ್ರಿಮನೆ ಬಿಟ್ಟು ಸಮುದ್ರದಂಡೆಯ ಊರಿಗೆ ಹೋಗಿ ಶಾಲೆ ತೆರೆಯುತ್ತಾರೆ. ನಿಜ ಜೀವನದಲ್ಲಿ ವಿದ್ಯಾರ್ಥಿನಿಯರು ಬರಲಿಲ್ಲ, ಕಾದಂಬರಿಯಲ್ಲಿ ಬಂದರು. ಎಮಿಲಿಯದು ಇವೆಲ್ಲಕ್ಕಿಂತ ಭಯಂಕರ. ‘ವದರಿಂಗ್ ಹೈಟ್ಸ್’ ಎನ್ನುವುದೇ ಒಂದು ಮನೆಯ ಹೆಸರು. ಅದರ ಬಾಗಿಲ ಮೇಲೆ 1500 ಎಂಬ ಇಸವಿಯೂ ಮೂಲ ಮನೆತನದ ಹೆಸರೂ ಕೆತ್ತಿವೆ. ಎಲ್ಲಿಂದಲೋ ಬಂದ, ಹೆಸರಿಲ್ಲದ ಹುಡುಗನೊಬ್ಬ ಆ ಮನೆಯನ್ನೂ ಕಣಿವೆಯ ಇನ್ನೊಂದು ಮನೆಯನ್ನೂ ಅಡಮಾನ, ಮದುವೆ, ಉಯಿಲುಗಳ ಮೂಲಕ ತನ್ನ ಕೈವಶ ಮಾಡಿಕೊಳ್ಳುತ್ತಾನೆ. ಇದು ಪ್ರೇಮಕಥೆ ಹೇಗೋ ಹಾಗೆಯೇ ಆಸ್ತಿಯ ಕಥೆ. ಸಿ.ಪಿ. ಸ್ಯಾಂಗರ್ ಎಂಬ ಕಾನೂನು ಬಲ್ಲ ವಿಮರ್ಶಕ 1926ರಲ್ಲೇ ಈ ಕಾದಂಬರಿಯ ಆಸ್ತಿ ಕಾನೂನನ್ನು ಎಳೆಎಳೆಯಾಗಿ ಬಿಡಿಸಿ, ಎಮಿಲಿಗೆ ಅದರ ತಿಳಿವಳಿಕೆ ಎಷ್ಟು ಖಚಿತವಾಗಿತ್ತು ಎಂದು ತೋರಿಸಿದ್ದ. ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದವಳಿಗೆ ಅದೆಲ್ಲ ಹೇಗೆ ಗೊತ್ತು ಎಂದು ಆಶ್ಚರ್ಯಪಡುವವರುಂಟು. ನನಗೆ ಆಶ್ಚರ್ಯವಾಗುವುದಿಲ್ಲ. ಖಾತೆ ಇಲ್ಲದ ಮನೆಯಲ್ಲಿ ಬೆಳೆದವರಿಗೆ ಖಾತೆಯ ಬೆಲೆ ಗೊತ್ತಿರುತ್ತದೆ. ಬಯಲು, ಗಾಳಿ, ಬಿರುಗಾಳಿಗಳನ್ನು ಎಮಿಲಿಯ ಸ್ಫೂರ್ತಿ ಎಂದು ಹೇಳುತ್ತಲೇ ಬಂದಿದ್ದೇವೆ. ಬಾಗಿಲ ಮೇಲೆ ಕೆತ್ತಿದ ಹೆಸರು ಆ ಪಾದ್ರಿಮನೆಗೆ ಇರಲಿಲ್ಲ ಎಂಬುದನ್ನೂ ಸ್ಫೂರ್ತಿಯ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಮನೆಯ ಮುಂದಿನ ಸಮಾಧಿಗಳ ಮಾತು. ಪ್ರವಾಸಿಗರ ಕ್ಯಾಮೆರಾಕ್ಕೆ ಅದು ಕಾವ್ಯ. ಅಲ್ಲಿದ್ದವರಿಗೆ ಅದು ಕುಡಿಯುವ ನೀರಿನ ಪ್ರಶ್ನೆ. ಊರಿಗೆ ಒಳ್ಳೆಯ ನೀರು, ಚರಂಡಿ ಬೇಕೆಂದು 1849ರಲ್ಲಿ ಆರೋಗ್ಯ ಮಂಡಳಿಗೆ ಮನವಿ ಕಳಿಸಿದವರಲ್ಲಿ ಮುಂದಾಳು ಪ್ಯಾಟ್ರಿಕ್ ಬ್ರಾಂಟೆ. ಅದರ ಫಲವಾಗಿ ಬೆಂಜಮಿನ್ ಹರ್ಷೆಲ್ ಬ್ಯಾಬೇಜ್ ಎಂಬ ಇನ್ಸ್‌ಪೆಕ್ಟರ್ ಬಂದು 1850ರಲ್ಲಿ ವರದಿ ಕೊಟ್ಟ. ಹಾವರ್ತ್‌ನಲ್ಲಿ ಸಾವಿನ ಸರಾಸರಿ ವಯಸ್ಸು 25 ವರ್ಷ ಚಿಲ್ಲರೆ. ನೂರಕ್ಕೆ 41ಕ್ಕೂ ಹೆಚ್ಚು ಮಕ್ಕಳು ಆರು ತುಂಬುವ ಮುಂಚೆ ಸಾಯುತ್ತಿದ್ದರು. ತುಂಬಿ ತುಳುಕುತ್ತಿದ್ದ ಸ್ಮಶಾನದ ಬಗ್ಗೆಯೂ, ನೆಲಕ್ಕೆ ಒತ್ತಿ ಮಲಗಿಸಿದ ಸಮಾಧಿ ಕಲ್ಲುಗಳ ಬಗ್ಗೆಯೂ ಅವನು ಆಕ್ಷೇಪ ಎತ್ತಿದ. ಇಂದು ಆ ಸ್ಮಶಾನಕ್ಕೆ ನೆರಳು ಕೊಟ್ಟಿರುವ ಮರಗಳು ಬ್ರಾಂಟೆಗಳ ಕಾಲದವಲ್ಲ, ಅನಂತರ ನೆಟ್ಟವು. ಅಂದರೆ ನಾವು ‘ಬ್ರಾಂಟೆ ವಾತಾವರಣ’ ಎಂದು ಮೆಚ್ಚುವ ಆ ಹಸಿರು ನೆರಳು, ಹೆಚ್ಚುಕಡಿಮೆ, ಸಾರ್ವಜನಿಕ ಆರೋಗ್ಯದ ಸುಧಾರಣೆಯ ಕೊಡುಗೆ. ಜಾರ್ಜಿಯನ್ ಮನೆಯ ಅಂದವಾದ ಕಿಟಕಿಗಳಿಂದ ಕಾಣುತ್ತಿದ್ದದ್ದು ಬೋಳು ಕಲ್ಲು. ಕಟ್ಟಿದವರು ಪಾದ್ರಿಮನೆ ಚರ್ಚಿಗೆ ಹತ್ತಿರವಿರಬೇಕೆಂದು ನೋಡಿದರೇ ಹೊರತು ಅದರ ಮುಂದೆ ಏನು ಮಲಗಿದೆ ಎಂದು ನೋಡಲಿಲ್ಲ. ಈ ಕಟ್ಟಡದ ದೊಡ್ಡ ದೋಷ ಗೋಡೆಯಲ್ಲಿಲ್ಲ, ನಿವೇಶನದಲ್ಲಿದೆ.

ಶಾರ್ಲೆಟ್ 1854ರ ಜೂನ್‌ನಲ್ಲಿ ಅಪ್ಪನ ಸಹಾಯಕ ಪಾದ್ರಿ ಆರ್ಥರ್ ಬೆಲ್ ನಿಕೋಲ್ಸ್‌ನನ್ನು ಮದುವೆಯಾದಳು. ಅಪ್ಪ ಮೊದಲು ಸಿಟ್ಟಿನಿಂದ ತಳ್ಳಿಹಾಕಿದ್ದ ಸಂಬಂಧ ಅದು. ದಂಪತಿ ಅಪ್ಪನ ಜೊತೆಯಲ್ಲೇ ಇರುವುದು ಎಂದಾದ ಮೇಲೆ ಒಪ್ಪಿಗೆ ಸಿಕ್ಕಿತು. ಹೀಗೆ ಬಂದ ಮನೆಅಳಿಯನಿಗೆ ಕೋಣೆ ಎಲ್ಲಿ? ಊಟದ ಕೋಣೆಯ ಹಿಂದಿದ್ದ ಉರುವಲಿನ ಕೋಣೆಯನ್ನು ಶಾರ್ಲೆಟ್ ಓದುಕೋಣೆಯಾಗಿ ಬದಲಿಸಿದಳು. ಗೋಡೆಗೆ ಹೊಸ ಕಾಗದ, ಕಿಟಕಿಗೆ ಪರದೆ. ಆ ಸಣ್ಣ ಮನೆಯಲ್ಲಿ ಈಗ ಗಂಡಸರಿಗೆ ಎರಡು ಓದುಕೋಣೆ. ಇಂಗ್ಲೆಂಡಿನ ಹೆಸರಾಂತ ಕಾದಂಬರಿಕಾರ್ತಿಗೆ ಇನ್ನೂ ಊಟದ ಮೇಜೇ. ಇದನ್ನು ಹೇಳುವಾಗ ನಿಕೋಲ್ಸ್‌ನನ್ನು ಖಳನಾಯಕ ಮಾಡುವುದು ಬೇಡ. 1855ರ ಮಾರ್ಚ್‌ನಲ್ಲಿ ಶಾರ್ಲೆಟ್ ಸತ್ತ ಮೇಲೂ ಅವನು ಆರು ವರ್ಷ ಅದೇ ಮನೆಯಲ್ಲಿದ್ದು ಮುದುಕ ಮಾವನನ್ನು ನೋಡಿಕೊಂಡ. 1861ರ ಜೂನ್‌ನಲ್ಲಿ 84ನೇ ವಯಸ್ಸಿನಲ್ಲಿ ಪ್ಯಾಟ್ರಿಕ್ ತೀರಿಕೊಂಡಾಗ ಹುದ್ದೆ ತನಗೇ ಸಿಗುತ್ತದೆ ಎಂದು ಎಲ್ಲರಂತೆ ಅವನೂ ನಂಬಿದ್ದಿರಬೇಕು. ಟ್ರಸ್ಟಿಗಳು ಬೇರೊಬ್ಬನನ್ನು ಆರಿಸಿದರು. ಮನೆಯ ಸಾಮಾನು ಹರಾಜಿಗೆ ಹೋಯಿತು. ನಿಕೋಲ್ಸ್ ಉಳಿದಷ್ಟನ್ನು ಕಟ್ಟಿಕೊಂಡು ಐರ್ಲೆಂಡಿಗೆ ಹೊರಟ. ಹೆಣ್ಣುಮಕ್ಕಳು ಕಾದಂಬರಿಗಳಲ್ಲಿ ಬರೆದು ಬರೆದು ಹೆದರಿದ್ದ ಗಳಿಗೆ ಕೊನೆಗೂ ಬಂತು. ಬಂದಾಗ ಅವರ್‍ಯಾರೂ ಉಳಿದಿರಲಿಲ್ಲ.

ಮುಂದಿನ ಪಾದ್ರಿ ಜಾನ್ ವೇಡ್. ಬ್ರಾಂಟೆ ಅಭಿಮಾನಿಗಳಿಗೆ ಈತನನ್ನು ಕಂಡರಾಗದು. 1870ರ ದಶಕದಲ್ಲಿ ಮನೆಯ ಒಂದು ಪಕ್ಕಕ್ಕೆ ದೊಡ್ಡ ತ್ರಿಕೋನ ಮುಖದ ಹೊಸ ಭಾಗ ಸೇರಿಸಿದ. ಐದು ಕಿಟಕಿಗಳ ಸಮತೂಕ ಕೆಟ್ಟಿತು. ಹಳೆಯ ಅಡುಗೆಮನೆ ಹೊಸ ಭಾಗಕ್ಕೆ ಹೋಗುವ ದಾರಿಯಾಯಿತು. 1879ರಲ್ಲಿ ಹಳೆಯ ಚರ್ಚನ್ನೇ, ಗೋಪುರವೊಂದನ್ನು ಬಿಟ್ಟು, ಕೆಡವಿಸಿ ಹೊಸದು ಕಟ್ಟಿಸಿದ. ಕಟ್ಟಡದ ಮುಖವನ್ನಷ್ಟೇ ನೋಡುವುದಾದರೆ ವೇಡ್‌ನ ಸೇರ್ಪಡೆ ಒರಟು ಎಂದು ನಾನೂ ಒಪ್ಪುತ್ತೇನೆ. ಮಡಚಿದರೆ ಕೂಡುತ್ತಿದ್ದ ಮುಖಕ್ಕೆ ಮೂರನೇ ಕೆನ್ನೆ ಅಂಟಿಸಿದಂತಿದೆ. ಆದರೂ ಅದನ್ನು ಕೆಡವಬೇಕಿತ್ತು ಎನ್ನುವವರ ಜೊತೆ ನಾನಿಲ್ಲ. ವೇಡ್ ಮಾಡಿದ್ದು ಶಾರ್ಲೆಟ್ ಮಾಡಿದ್ದನ್ನೇ: ಹುದ್ದೆಯ ಮನೆಯನ್ನು ತನ್ನ ಕಾಲದ ಅಗತ್ಯಕ್ಕೆ ಹಿಗ್ಗಿಸಿದ. ಅವಳು ಒಳಗೆ ಮಾಡಿದಳು, ಅವನು ಹೊರಗೆ ಮಾಡಿದ. ಒಬ್ಬರದು ಪವಿತ್ರ, ಇನ್ನೊಬ್ಬರದು ಅಪಚಾರ ಎಂದರೆ ನಾವು ಕಟ್ಟಡವನ್ನು ಓದುತ್ತಿಲ್ಲ, ಖ್ಯಾತಿಯನ್ನು ಓದುತ್ತಿದ್ದೇವೆ. ಇದು ಪಾದ್ರಿಮನೆ, ಒಬ್ಬರಾದ ಮೇಲೊಬ್ಬರು ಬಂದು ಹೋಗುವ ಮನೆ ಎಂಬ ಸತ್ಯವನ್ನು ಇಡೀ ಕಟ್ಟಡದಲ್ಲಿ ಬಾಯಿಬಿಟ್ಟು ಹೇಳುವುದು ಆ ಒರಟು ಭಾಗವೊಂದೇ.

ಹಾವರ್ತ್‌ನಲ್ಲೇ ಹುಟ್ಟಿ ಜವಳಿ ಉದ್ಯಮದಲ್ಲಿ ಸಿರಿವಂತನಾದ ಸರ್ ಜೇಮ್ಸ್ ರಾಬರ್ಟ್ಸ್ 3,000 ಪೌಂಡ್ ಕೊಟ್ಟು ಈ ಮನೆಯನ್ನು ಕೊಂಡು, 1893ರಲ್ಲಿ ಹುಟ್ಟಿದ್ದ ಬ್ರಾಂಟೆ ಸೊಸೈಟಿಗೆ ಒಪ್ಪಿಸಿದ. 1928ರ ಆಗಸ್ಟ್‌ನಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಹರಾಜಿನಲ್ಲಿ ಚದುರಿದ ಸಾಮಾನುಗಳಲ್ಲಿ ಎಷ್ಟೋ ಮರಳಿ ಬಂದಿವೆ. ಕೋಣೆಗಳಿಗೆ ಈಗ ಹೆಸರುಗಳಿವೆ: ಇದು ಶಾರ್ಲೆಟ್‌ಳ ಕೋಣೆ, ಇದು ಎಮಿಲಿಯದು. ಬದುಕಿದ್ದಾಗ ಹಗಲು ಒಂದು ಕೋಣೆ ತಮ್ಮದಾಗಿಲ್ಲದವರಿಗೆ ಸತ್ತ ಮೇಲೆ ಇಡೀ ಮನೆ ಸಿಕ್ಕಿತು. ಒಂದು ರೀತಿಯಲ್ಲಿ ಬಾಡಿಗೆದಾರರ ಹೆಸರಿಗೆ ಖಾತೆ ಆಯಿತು. ಇದು ನ್ಯಾಯ ಎಂದು ಅನ್ನಿಸುತ್ತದೆ, ಬಹುಮಟ್ಟಿಗೆ ನ್ಯಾಯವೂ ಹೌದು. ಸಂರಕ್ಷಣೆ ಎಂಬ ಕೆಲಸ ನಡೆಯದಿದ್ದರೆ ಈ ಲೇಖನ ಬರೆಯಲು ಮನೆಯೇ ಇರುತ್ತಿರಲಿಲ್ಲ. ಆದರೆ ಸಂರಕ್ಷಣೆ ಒಂದು ವಿಷಯವನ್ನು ತನಗೆ ಗೊತ್ತಿಲ್ಲದೆಯೇ ಅಳಿಸುತ್ತದೆ: ಅಭದ್ರತೆಯನ್ನು. ಹೊಳಪಿನ ಮೇಜು, ಹೊಂದಿಸಿಟ್ಟ ಲೇಖನಿ, ಕೀಲಿ ಕೊಟ್ಟ ಗಡಿಯಾರ ನೋಡಿದವರಿಗೆ ಇದು ನೆಲೆನಿಂತ, ಬೇರುಬಿಟ್ಟ ಕುಟುಂಬವೊಂದರ ಮನೆ ಎನಿಸುತ್ತದೆ. ಐರ್ಲೆಂಡಿನಿಂದ ಬಂದ ಅಪ್ಪ, ಕಾರ್ನ್‌ವಾಲ್‌ನಿಂದ ಬಂದ ಅಮ್ಮ, ಹುದ್ದೆಯ ಜೊತೆ ಬಂದ ಗೋಡೆಗಳು, ಅಪ್ಪನ ಕಣ್ಣಿನ ಪೊರೆಗೆ ತೂಗುಹಾಕಿದ ಇಡೀ ಮನೆಯವರ ಭವಿಷ್ಯ, ಇದ್ಯಾವುದೂ ಪೀಠೋಪಕರಣದಲ್ಲಿ ಕಾಣುವುದಿಲ್ಲ.

ಅದು ಕಾಣುವುದು ಪುಸ್ತಕಗಳಲ್ಲಿ. ಪಾದ್ರಿಮನೆಯ ನಕ್ಷೆಯನ್ನು ಒಮ್ಮೆ ನೋಡಿಕೊಂಡು ‘ಜೇನ್ ಐರ್’ ತೆರೆದರೆ, ಜೇನ್ ಯಾವ ಕಿಟಕಿಯ ಪಕ್ಕ ಕೂರುತ್ತಾಳೆ, ಯಾವ ಪರದೆಯ ಹಿಂದೆ ಪುಸ್ತಕ ಹಿಡಿದು ಅಡಗುತ್ತಾಳೆ, ಯಾರು ಅವಳನ್ನು ಅಲ್ಲಿಂದ ಎಬ್ಬಿಸುತ್ತಾರೆ ಎಂಬುದೆಲ್ಲ ಹೊಸದಾಗಿ ಕಣ್ಣಿಗೆ ಬೀಳುತ್ತದೆ. ಮೊದಲ ಅಧ್ಯಾಯದಲ್ಲೇ ಜಾನ್ ರೀಡ್ ಎಂಬ ಹುಡುಗ ಜೇನ್‌ಗೆ ಹೇಳುವ ಮಾತಿನ ತಿರುಳು ಇಷ್ಟೇ: ಈ ಪುಸ್ತಕಗಳು ನಿನ್ನವಲ್ಲ, ಈ ಮನೆಯೆಲ್ಲ ಮುಂದೆ ನನ್ನದು. ಪಾದ್ರಿಯ ಮಗಳಿಗೆ ಆ ಮಾತಿನ ಪೆಟ್ಟು ಗೊತ್ತಿತ್ತು. ಊರಿಂದೂರಿಗೆ ಸಾಮಾನು ಸಾಗಿಸುತ್ತಾ ಓದುವ, ಬರೆಯುವ ನಮಗೂ ಆ ಪುಟ ಹೊಸದೇನಲ್ಲ. ಮನೆ ತಮ್ಮದಲ್ಲ ಎಂದು ಗೊತ್ತಿದ್ದೂ ಆ ಮೂವರು ಅದರ ಊಟದ ಮೇಜನ್ನು ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ತಮ್ಮದಾಗಿಸಿಕೊಂಡರು. ಆ ಎರಡು ಗಂಟೆಗೆ ಯಾವ ಟ್ರಸ್ಟಿಯ ಅಪ್ಪಣೆಯೂ ಬೇಕಿರಲಿಲ್ಲ.